ಜಲಪಾತದ ಊರಿಗೆ ತನ್ನದೇ ಕ್ಯಾಮೆರಾ ಬೇಕು

ಕನ್ನಂಬಾಡಿ, ಕಬಿನಿ ಜಲಾಶಯಗಳಿಂದ ನೀರು ಬಿಟ್ಟರೆ ಸಾಕು, ಟಿ.ವಿ.ಯವರ ವಾಹನಗಳು ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರಕ್ಕೆ ಬಂದು ನಿಲ್ಲುತ್ತವೆ. ಗಗನಚುಕ್ಕಿ ಜಲಪಾತ ತೆರೆ ತುಂಬ ಧುಮ್ಮಿಕ್ಕುತ್ತದೆ. ಅದೇ ತಾಲ್ಲೂಕಿನಲ್ಲಿ ವಿಶ್ವೇಶ್ವರಯ್ಯ ನಾಲೆಯ ಕೊನೇ ಭಾಗದ ಗದ್ದೆಗೆ ನೀರು ತಲುಪಿತೇ, ರೇಷ್ಮೆಗೂಡಿಗೆ ಏನು ಬೆಲೆ ಸಿಕ್ಕಿತು ಎಂದು ಕೇಳಲು ಕ್ಯಾಮೆರಾ ಬರುವುದು ಅಪರೂಪ. ಬರಲಿ ಎಂದು ಕಾಯುವುದೂ ಸರಿಯಲ್ಲ. ಕ್ಯಾಮೆರಾ, ಮೈಕು, ಪ್ರಸಾರದ ಹೊತ್ತು ಊರಿನವರ ಕೈಗೇ ಬರಬೇಕು.

ಕನ್ನಡನಾಡಿಗೆ ಇದು ಹೊಸದಲ್ಲ. ಮೈಸೂರಿನಲ್ಲಿ 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಪುಟ್ಟ ಬಾನುಲಿ ಕೇಂದ್ರ ತೆರೆದರು. ‘ಆಕಾಶವಾಣಿ’ ಎಂಬ ಹೆಸರು ದೇಶಕ್ಕೆ ದಕ್ಕಿದ್ದು ಅಲ್ಲಿಂದ. ಇನ್ನು ಕೋಲಾರದ ಚಿನ್ನದ ಗಣಿಯ ಸೀಮೆಯಲ್ಲಿರುವ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆ. ಅಲ್ಲಿ 2000ದ ದಶಕದ ಆರಂಭದಲ್ಲಿ ಮೈರಾಡ, ವಾಯ್ಸಸ್ ಸಂಸ್ಥೆಗಳು ಯುನೆಸ್ಕೊ ನೆರವಿನಿಂದ ‘ನಮ್ಮ ಧ್ವನಿ’ ಎಂಬ ಸಮುದಾಯ ಬಾನುಲಿ ಕಟ್ಟಿದವು. ಸ್ವಸಹಾಯ ಸಂಘದ ಹೆಂಗಸರು ಧ್ವನಿಮುದ್ರಣ ಕಲಿತು ತಮ್ಮ ಕಾರ್ಯಕ್ರಮ ತಾವೇ ಮಾಡಿದರು. ಹಳ್ಳಿಯ ಜನರಿಗೆ ಬಾನುಲಿ ಪರವಾನಗಿ ಸಿಗದ ಕಾಲವದು. ಅವರು ಕೈಕಟ್ಟಿ ಕೂರಲಿಲ್ಲ, ಊರಿನ ಟಿ.ವಿ. ಕೇಬಲ್ಲಿನಲ್ಲೇ ತಮ್ಮ ದನಿಯನ್ನು ಮನೆಗಳಿಗೆ ಮುಟ್ಟಿಸಿದರು!

ಪ್ರಸಾರದ ತರಂಗಗಳು ಸಾರ್ವಜನಿಕರ ಸ್ವತ್ತು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1995ರಲ್ಲಿ. ಸ್ವಯಂಸೇವಾ ಸಂಸ್ಥೆಗಳಿಗೆ ಸಮುದಾಯ ಬಾನುಲಿಯ ಬಾಗಿಲು ತೆರೆಯಲು 2006ರವರೆಗೆ ಕಾಯಬೇಕಾಯಿತು. ಸಾಮಾನ್ಯವಾಗಿ 100 ವ್ಯಾಟ್ ಮೀರದ ಪ್ರಸಾರಕ, ಅರ್ಧದಷ್ಟಾದರೂ ಸ್ಥಳೀಯ ಕಾರ್ಯಕ್ರಮ ಎಂಬುದು ಅದರ ನಿಯಮ. ಸರಗೂರಿನ ‘ಜನಧ್ವನಿ’ ಬಾನುಲಿ ಹುಟ್ಟಿದ್ದು ಈ ನೀತಿಯಿಂದಲೇ.

ಟಿ.ವಿ.ಗೆ ಮಾತ್ರ ಅಂಥ ನೀತಿ ಬರಲೇ ಇಲ್ಲ. ಗುಜರಾತಿನ ಖೇಡಾ ಜಿಲ್ಲೆಯಲ್ಲಿ 1975ರಿಂದ ಹತ್ತು ವರ್ಷ ಪೀಜ್ ಊರಿನ ಸಣ್ಣ ಪ್ರಸಾರಕ ಹಳ್ಳಿಯವರನ್ನೇ ತೆರೆಗೆ ತಂದಿತ್ತು. ಆ ಅನುಭವವನ್ನು ಸರ್ಕಾರಗಳು ಮುಂದುವರಿಸದೆ ಬಿಟ್ಟದ್ದು ದೊಡ್ಡ ನಷ್ಟ. ಅಮೆರಿಕದಲ್ಲಾದರೆ 1984ರ ಕಾಯ್ದೆಯಡಿ, ನಾಗರಿಕರ ಬಳಕೆಗೆ ವಾಹಿನಿ ಮೀಸಲಿಡಿ ಎಂದು ಸ್ಥಳೀಯ ಆಡಳಿತವೇ ಕೇಬಲ್ ಕಂಪನಿಗಳನ್ನು ಕೇಳಬಹುದು. ನಮ್ಮ 1995ರ ಕೇಬಲ್ ಕಾಯ್ದೆ ದೂರದರ್ಶನದ ವಾಹಿನಿಗಳನ್ನು ತೋರಿಸಲೇಬೇಕು ಎನ್ನುತ್ತದೆ. ಊರಿನವರಿಗೂ ದಿನಕ್ಕೊಂದು ತಾಸು ಕೊಡಿ ಎಂಬ ಸಾಲನ್ನು ಅದಕ್ಕೇಕೆ ಸೇರಿಸಬಾರದು?

ಎಲ್ಲರ ಕೈಯಲ್ಲೂ ಮೊಬೈಲ್ ಇದೆಯಲ್ಲ ಎನ್ನುವವರಿದ್ದಾರೆ. ಹೌದು, ಇದೆ. ಆದರೆ ಚಿತ್ರೀಕರಿಸಿದ್ದನ್ನು ಜೋಡಿಸುವುದು, ಎರಡೂ ಕಡೆಯವರನ್ನು ಮಾತಾಡಿಸುವುದು, ತಪ್ಪಿದ್ದರೆ ತಿದ್ದುವುದು, ಹಳೆಯದನ್ನು ಕಾಪಿಡುವುದು ತರಬೇತಿಯಿಂದ ಬರುವ ಕೆಲಸ. ಅದಕ್ಕೊಂದು ಜಾಗವೂ ಬೇಕು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. ಮದ್ದೂರು, ಮಳವಳ್ಳಿಗಳಲ್ಲಿ ಒಂದೊಂದು ಕೇಂದ್ರಕ್ಕೆ ಕ್ಯಾಮೆರಾ, ಎರಡು ಮೈಕು, ಸಂಕಲನಕ್ಕೆ ಕಂಪ್ಯೂಟರ್, ಕಲಿಸಲು ಒಬ್ಬರನ್ನು ಕೊಟ್ಟರೆ ಕೆಲಸ ಶುರುವಾಗುತ್ತದೆ. ಮೊದಲಿಗೆ ಗ್ರಾಮಸಭೆಯನ್ನೇ ಪೂರ್ತಿಯಾಗಿ ಚಿತ್ರೀಕರಿಸಿ ಅದೇ ಸಂಜೆ ಕೇಬಲ್ಲಿನಲ್ಲಿ ತೋರಿಸಲಿ. ಕೂಲಿಗೆ ಹೋಗಿ ಸಭೆ ತಪ್ಪಿಸಿಕೊಂಡವರೂ ತಮ್ಮ ವಾರ್ಡಿನ ಬಗ್ಗೆ ಏನು ತೀರ್ಮಾನವಾಯಿತೆಂದು ನೋಡಿಕೊಳ್ಳಬಹುದು.