78ನೆಯ ಸಂಕೇತ

ಬ್ರಿಟನ್ನಿನ ವಾಹನಚಾಲನಾ ಲೈಸೆನ್ಸಿನ ಹಿಂಬದಿಯಲ್ಲಿ, ಯಾವ ಯಾವ ವರ್ಗದ ವಾಹನಗಳನ್ನು ನಡೆಸಲು ಅದನ್ನು ಪಡೆದವರಿಗೆ ಅಧಿಕಾರವುಂಟೆಂಬುದನ್ನು ತಿಳಿಸುವ ಕೋಷ್ಟಕದ ಕೊನೆಯ ಅಂಕಣದಲ್ಲಿ, ಕೆಲವರಿಗೆ 78 ಎಂಬ ಸಂಖ್ಯೆ ಅಚ್ಚಾಗಿರುತ್ತದೆ. ಕ್ಲಚ್ಚಿನ ಪೆಡಲ್ ಇಲ್ಲದ ವಾಹನವನ್ನು ಮಾತ್ರವೇ ಇವರು ನಡೆಸಬಹುದು, ಕೈಯಿಂದ ಗೇರು ಬದಲಿಸುವ ವಾಹನವನ್ನು ನಡೆಸತಕ್ಕದ್ದಲ್ಲ ಎಂಬುದು ಅದರ ತಾತ್ಪರ್ಯ. ಆಟೊಮ್ಯಾಟಿಕ್ ಕಾರಿನಲ್ಲಿ ಪರೀಕ್ಷೆ ಕೊಟ್ಟು ತೇರ್ಗಡೆಯಾದವರಿಗೆ ಈ ನಿರ್ಬಂಧ. ಗೇರಿನ ಕಾರಿನಲ್ಲಿ ತೇರ್ಗಡೆಯಾದವರಿಗೆ ಎರಡು ಬಗೆಯ ವಾಹನಗಳೂ ಮುಕ್ತ. ಒಂದು ತಲೆಮಾರಿನ ಹಿಂದೆ ವಿರಳವಾಗಿದ್ದ ಈ ಸಂಖ್ಯೆ ಇಂದು ಸಾಮಾನ್ಯವಾಗುತ್ತಿದೆ. ಬ್ರಿಟನ್ನಿನಲ್ಲಿ ಈಗ ನಡೆಯುವ ಕಾರಿನ ಪರೀಕ್ಷೆಗಳಲ್ಲಿ ಸರಿಸುಮಾರು ನಾಲ್ಕರಲ್ಲೊಂದು ಆಟೊಮ್ಯಾಟಿಕ್ ಕಾರಿನಲ್ಲಿಯೇ ನಡೆಯುತ್ತದೆ. ಲಂಡನ್ನಿನ ವಾಯವ್ಯದಲ್ಲಿರುವ ವೆಂಬ್ಲಿಯಲ್ಲಿಯೂ ಅದರ ನೆರೆಯ ಹ್ಯಾರೋದಲ್ಲಿಯೂ ಮನೆ ಮಾಡಿಕೊಂಡಿರುವ ಕನ್ನಡ ಕುಟುಂಬಗಳಲ್ಲಿ, ಊರಿನಲ್ಲಿ ಹತ್ತು ವರ್ಷ ಗೇರಿನ ಕಾರನ್ನೇ ನಡೆಸಿ ಬಂದವರು ಸಹ, ಇಲ್ಲಿ ಪರೀಕ್ಷೆಯ ಮಾತು ಬಂದೊಡನೆ ಆಟೊಮ್ಯಾಟಿಕ್ಕಿಗೆ ಹೆಸರು ಬರೆಸುವುದನ್ನು ನಾನು ಕಂಡಿದ್ದೇನೆ. ಈ ಆಯ್ಕೆ ಅವಸರದ್ದೆಂದೂ, ಈ ನಿರ್ಬಂಧವನ್ನು ಸಡಿಲಿಸುವುದು ಸರ್ಕಾರದ ಕರ್ತವ್ಯವೆಂದೂ ನನ್ನ ಅಭಿಪ್ರಾಯ.

ಗೇರು ಅಳಿಯಬಾರದೆಂದು ವಾದಿಸುವುದು ನನ್ನ ಉದ್ದೇಶವಲ್ಲ. ಅದು ಅಳಿಯುತ್ತಿರುವುದಕ್ಕೆ ಕಾರಣ ಜನರ ಸೋಮಾರಿತನವೆಂದು ಹೇಳುವವರು ಯಂತ್ರದ ಸ್ವಭಾವವನ್ನು ಗಮನಿಸಿದವರಲ್ಲ. ಪೆಟ್ರೋಲಿನ ಅಥವಾ ಡೀಸೆಲ್ಲಿನ ಎಂಜಿನ್ನು ನಿಂತಲ್ಲಿಂದ ಯಾವ ಬಲವನ್ನೂ ಕೊಡಲಾರದು. ನಿಮಿಷಕ್ಕೆ ಏಳೆಂಟು ನೂರು ಸುತ್ತಾದರೂ ತಿರುಗುತ್ತಿದ್ದರೆ ಮಾತ್ರ ಅದು ಜೀವಂತವಾಗಿರುತ್ತದೆ, ಇನ್ನೂ ಹೆಚ್ಚು ತಿರುಗಿದರೆ ಮಾತ್ರ ಭಾರವನ್ನು ಎಳೆಯುತ್ತದೆ. ಆ ವೇಗಕ್ಕೂ ನಿಶ್ಚಲವಾಗಿರುವ ಚಕ್ರಕ್ಕೂ ನಡುವೆ ಸಂಧಾನವನ್ನು ಏರ್ಪಡಿಸುವುದಕ್ಕಾಗಿಯೇ ಕ್ಲಚ್ಚೂ ಗೇರುಗಳೂ ಹುಟ್ಟಿದುವು. ವಿದ್ಯುತ್ ಮೋಟಾರಿಗಾದರೋ ಈ ಕೊರತೆಯಿಲ್ಲ. ಅದು ಮೊದಲನೆಯ ಸುತ್ತಿನಿಂದಲೇ ಪೂರ್ಣಬಲವನ್ನು ಕೊಡುತ್ತದೆ. ಆದುದರಿಂದ ವಿದ್ಯುತ್ ವಾಹನಕ್ಕೆ ಗೇರು ಹಾಕುವ ಕೆಲಸವನ್ನು ಯಾರೂ ತಪ್ಪಿಸಿಲ್ಲ. ಆ ಕೆಲಸವೇ ಅಲ್ಲಿಲ್ಲ.

ಬೆಂಗಳೂರಿಗರು ಇದನ್ನು ಬಹುಮಂದಿಗಿಂತ ಮೊದಲೇ ಅರಿತಿದ್ದರು. 2001ರಲ್ಲಿ ಬೆಂಗಳೂರಿನಿಂದ ಹೊರಟ ರೇವಾ ಎಂಬ ಪುಟ್ಟ ವಿದ್ಯುತ್ ಕಾರಿಗೆ ಕ್ಲಚ್ಚೂ ಇರಲಿಲ್ಲ, ಗೇರು ಬದಲಿಸುವ ಶ್ರಮವೂ ಇರಲಿಲ್ಲ. ಅದೇ ಕಾರು 2004ರಿಂದ ಜೀ-ವಿಜ್ ಎಂಬ ಹೆಸರು ಹೊತ್ತು ಲಂಡನ್ನಿನ ಬೀದಿಗಳಲ್ಲಿ ಓಡಿತು. ನಗರದ ನಡುಭಾಗವನ್ನು ಹೊಗುವ ವಾಹನಗಳ ಮೇಲಿನ ದಟ್ಟಣೆ ಶುಲ್ಕ ಅದಕ್ಕೆ ಇಲ್ಲದಿದ್ದುದು ಅದರ ಜನಪ್ರಿಯತೆಗೆ ಮುಖ್ಯ ಕಾರಣ. ಅದರ ಸುರಕ್ಷತೆಯ ವಿಷಯದಲ್ಲಿ ಆಕ್ಷೇಪಗಳು ಬಂದುವು, ನಿಜ. ಆದರೂ ಬೊಮ್ಮಸಂದ್ರದ ಕಾರ್ಖಾನೆಯೊಂದು ಲಂಡನ್ನಿನವರಿಗೆ ಗೇರಿಲ್ಲದ ಪ್ರಯಾಣದ ರುಚಿ ತೋರಿಸಿತೆಂಬುದು ಕನ್ನಡಿಗರಾದ ನಾವು ಮರೆಯತಕ್ಕ ಸಂಗತಿಯಲ್ಲ.

ಇನ್ನು ವೆಂಬ್ಲಿಯ ಚರಿತ್ರೆಯಲ್ಲಿಯೇ ಇದಕ್ಕೂ ಹಿಂದಿನ ಒಂದು ಪ್ರಯೋಗವಿದೆ. 1924ರ ಏಪ್ರಿಲ್ 23ರಂದು ಇಲ್ಲಿ ಆರಂಭವಾಗಿ ಮರುವರ್ಷವೂ ನಡೆದ ಬ್ರಿಟಿಷ್ ಸಾಮ್ರಾಜ್ಯ ಪ್ರದರ್ಶನದಲ್ಲಿ, ಎಂದೂ ನಿಲ್ಲದ ರೈಲೆಂದು ಹೆಸರಾದ ಒಂದು ಚಿಕ್ಕ ರೈಲುಮಾರ್ಗವಿತ್ತು. ಹಳಿಗಳ ನಡುವೆ ಉದ್ದಕ್ಕೂ ಒಂದು ತಿರುಪಿನ ದಂಡ ಏಕರೂಪವಾದ ವೇಗದಲ್ಲಿ ಸುತ್ತುತ್ತಿತ್ತು. ಚಾಲಕರಿಲ್ಲದ ಗಾಡಿಗಳು ಆ ತಿರುಪಿಗೆ ಸಿಕ್ಕಿಕೊಂಡು ಮುಂದೆ ಸಾಗುತ್ತಿದ್ದುವು. ನಿಲ್ದಾಣಗಳಲ್ಲಿ ತಿರುಪಿನ ಸುರುಳಿಗಳು ಒತ್ತಾಗಿದ್ದುದರಿಂದ ಗಾಡಿ ನಡೆಯುವವನ ವೇಗಕ್ಕೆ ಇಳಿಯುತ್ತಿತ್ತು, ಜನ ಹತ್ತಿ ಇಳಿಯುತ್ತಿದ್ದರು. ನಿಲ್ದಾಣ ದಾಟಿದೊಡನೆ ಸುರುಳಿಗಳು ವಿರಳವಾಗುತ್ತ ಗಾಡಿ ತಾನಾಗಿಯೇ ವೇಗಗೊಳ್ಳುತ್ತಿತ್ತು. ದಂಡದ ವೇಗ ಒಂದೇ, ಗಾಡಿಯ ವೇಗ ಬೇರೆ ಬೇರೆ: ಗೇರಿನ ತತ್ತ್ವವನ್ನು ಪೆಟ್ಟಿಗೆಯಿಂದ ಹೊರತೆಗೆದು ಹಳಿಯ ಉದ್ದಕ್ಕೆ ಹಾಸಿದಂತಿದ್ದ ಆ ಕಲ್ಪನೆಯನ್ನು ನೆನೆದಾಗಲೆಲ್ಲ ನನಗೆ ವಿಸ್ಮಯವಾಗುತ್ತದೆ. ಮಾನವನ ಕೈಯ ನೆರವಿಲ್ಲದೆ ವೇಗವನ್ನು ಹದಗೊಳಿಸಬೇಕೆಂಬ ಆಸೆ ವೆಂಬ್ಲಿಗೆ ಒಂದು ಶತಮಾನದಷ್ಟು ಹಳೆಯದು. ಅಮೆರಿಕದ ಕ್ಯಾಡಿಲಾಕ್ 1928ರಲ್ಲಿ ಸಿಂಕ್ರೊಮೆಶ್ ಗೇರನ್ನು ತಂದು ಎರಡೆರಡು ಬಾರಿ ಕ್ಲಚ್ ತುಳಿಯುವ ಹಳೆಯ ಕಷ್ಟವನ್ನು ತಪ್ಪಿಸಿತು. 1940ರ ಮಾದರಿಯ ಓಲ್ಡ್ಸ್‌ಮೊಬೀಲ್ ಕಾರುಗಳಲ್ಲಿ ಪೂರ್ಣ ಆಟೊಮ್ಯಾಟಿಕ್ ಗೇರ್ ಬಾಕ್ಸ್ ಬಂದಿತು. 1956ರಿಂದ ಲಂಡನ್ನಿನ ಬೀದಿಗಿಳಿದ ರೂಟ್‌ಮಾಸ್ಟರ್ ಬಸ್ಸಿನಲ್ಲಿ ಕ್ಲಚ್ಚಿನ ಪೆಡಲ್ಲೇ ಇರಲಿಲ್ಲ. ನಮ್ಮಲ್ಲಿ 2014ರಲ್ಲಿ ಮಾರುತಿಯ ಸೆಲೆರಿಯೊ ಅಗ್ಗದ ಬೆಲೆಗೆ ಅದೇ ಸೌಕರ್ಯವನ್ನು ಮಧ್ಯಮವರ್ಗದ ಮನೆಬಾಗಿಲಿಗೆ ತಂದಿತು. ಹೀಗೆ ನೋಡಿದರೆ ಗೇರಿನ ಚರಿತ್ರೆಯೆಂದರೆ ಚಾಲಕನ ಎಡಗಾಲಿನ ಮತ್ತು ಎಡಗೈಯ ಶ್ರಮ ಕಡಮೆಯಾಗುತ್ತ ಬಂದ ಚರಿತ್ರೆಯೇ.

ಈಗ ಕಾನೂನೂ ಅದೇ ದಿಕ್ಕಿನಲ್ಲಿ ನಡೆಯುತ್ತಿದೆ. ಮಾರಾಟವಾಗುವ ಹೊಸ ವಾಹನಗಳಲ್ಲಿ ಹೊಗೆಯುಗುಳದವುಗಳ ಪ್ರಮಾಣ 2024ರಲ್ಲಿ ಕಾರುಗಳಿಗೆ ಶೇಕಡಾ 22, ವ್ಯಾನುಗಳಿಗೆ ಶೇಕಡಾ 10 ಇರಬೇಕೆಂದೂ, 2030ರ ಹೊತ್ತಿಗೆ ಅದು ಕ್ರಮವಾಗಿ 80ಕ್ಕೂ 70ಕ್ಕೂ ಏರಬೇಕೆಂದೂ ಬ್ರಿಟಿಷ್ ಸರ್ಕಾರ ತಯಾರಕರಿಗೆ ಗುರಿಯನ್ನು ಗೊತ್ತುಮಾಡಿದೆ. 2009ರಿಂದ 2020ರವರೆಗೆ ಈ ದೇಶದಲ್ಲಿ ಅತ್ಯಧಿಕವಾಗಿ ಮಾರಾಟವಾದ, ಕಲಿಯುವವರ ಅಚ್ಚುಮೆಚ್ಚಿನ ಚಿಕ್ಕ ಕಾರಾದ ಫೋರ್ಡ್ ಫಿಯೆಸ್ಟಾ, 2023ರ ಜುಲೈ ತಿಂಗಳಲ್ಲಿ ತಯಾರಿಕೆ ನಿಂತು ಅಸ್ತಂಗತವಾಯಿತು. ಅದೇ ವರ್ಷದ ಆಗಸ್ಟ್ 29ರಂದು ಲಂಡನ್ನಿನ ಕಡು ಹೊಗೆನಿಯಂತ್ರಣದ ವಲಯ ನಗರದ ಎಲ್ಲ ಬರೋಗಳಿಗೂ ವಿಸ್ತರಿಸಿ, ಅಲ್ಲಿಯವರೆಗೆ ನಾರ್ತ್ ಸರ್ಕ್ಯುಲರ್ ರಸ್ತೆಯ ಆಚೆಗಿದ್ದ ಕಾರಣದಿಂದ ಹೊರಗುಳಿದಿದ್ದ ವೆಂಬ್ಲಿಯನ್ನೂ ಒಳಗೊಂಡಿತು. ಮಾನದಂಡಕ್ಕೆ ಹೊಂದದ ಹಳೆಯ ವಾಹನಕ್ಕೆ ದಿನಕ್ಕೆ 12 ಪೌಂಡ್ 50 ಪೆನ್ಸ್ ತೆರಬೇಕಾಯಿತು. ಎಷ್ಟೋ ಹಳೆಯ ಡೀಸೆಲ್ ವ್ಯಾನುಗಳು ಈ ಬೀದಿಗಳಿಂದ ಮರೆಯಾದುವು. ಈ ಗಾಳಿಯನ್ನು ಉಸಿರಾಡುವ ಮಕ್ಕಳ ದೃಷ್ಟಿಯಿಂದ ಅದು ಸರಿಯಾದ ಕ್ರಮವೆಂದೇ ನಾನು ನಂಬುತ್ತೇನೆ.

ಆದರೆ ಹೊಸದರ ಮಾರಾಟ ನಿಲ್ಲುವುದು ಬೇರೆ, ಹಳೆಯದು ರಸ್ತೆಯಿಂದ ಹೋಗುವುದು ಬೇರೆ. ಇಂದು ಕೊಂಡ ಗೇರಿನ ವ್ಯಾನು ಇನ್ನೂ ಹತ್ತು ಹದಿನೈದು ವರ್ಷ ದುಡಿಯುತ್ತದೆ. ಬೆಳಗಿನ ಜಾವದಲ್ಲಿ ಸೌತಾಲ್ ಬಳಿಯ ಸಗಟು ಮಾರುಕಟ್ಟೆಯಿಂದ ಹಾಗಲಕಾಯಿ, ಬೆಂಡೆ, ಕರಿಬೇವು, ಬಾಳೆಯೆಲೆಗಳನ್ನು ಹೊತ್ತು ಈಲಿಂಗ್ ರಸ್ತೆಯ ಅಂಗಡಿಗಳ ಮುಂದೆ ನಿಲ್ಲುವ ವ್ಯಾನುಗಳ ಒಳಗೆ ಇಣಿಕಿ ನೋಡಿದರೆ, ಬಹಳಷ್ಟರಲ್ಲಿ ಗೇರಿನ ಕೋಲು ಇನ್ನೂ ಇದೆ. ಮನೆ ಬದಲಾಯಿಸುವವರು ಒಂದು ದಿನಕ್ಕೆ ಬಾಡಿಗೆಗೆ ತರುವ ವ್ಯಾನು, ಕೊಳಾಯಿ ಕೆಲಸದವನ ವ್ಯಾನು, ಮದುವೆಮನೆಗೆ ಅಡುಗೆ ಸಾಗಿಸುವವನ ವ್ಯಾನು, ಇವುಗಳ ಕಥೆಯೂ ಅದೇ. ಅಗ್ಗಕ್ಕೆ ಸಿಕ್ಕುವ ಹಳೆಯ ಕಾರುಗಳಲ್ಲಿಯೂ ಗೇರಿನವೇ ಅಧಿಕ. ಸಂಪನ್ನನಾದವನಿಗೆ 78ನೆಯ ಸಂಕೇತ ಒಂದು ತೊಡಕೇ ಅಲ್ಲ, ಏಕೆಂದರೆ ಅವನು ಕೊಳ್ಳುವ ಹೊಸ ಕಾರಿಗೆ ಗೇರಿರುವುದಿಲ್ಲ. ವಾರಾಂತ್ಯದಲ್ಲಿ ಸರಕು ಸಾಗಿಸಿ ಕಾಲೇಜಿನ ಖರ್ಚನ್ನು ಹೊಂದಿಸಿಕೊಳ್ಳಬೇಕೆಂದಿರುವ ವಿದ್ಯಾರ್ಥಿಗೆ, ಹೊಸದಾಗಿ ಬಂದು ಯಾವ ಕೆಲಸಕ್ಕಾದರೂ ಸಿದ್ಧನಾಗಿರುವ ಗೃಹಸ್ಥನಿಗೆ, ಅದು ಮುಚ್ಚಿದ ಬಾಗಿಲು. ಕ್ಷೀಣಿಸುತ್ತಿರುವ ವಿದ್ಯೆಯೊಂದರ ಹೊರೆ ಹೀಗೆ ಬಡವರ ಮೇಲೆಯೇ ಬೀಳುವುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣುವುದಿಲ್ಲ.

ಭಾರತದ ಲೈಸೆನ್ಸು ಇಲ್ಲಿ ನೆಲಸಿದ ದಿನದಿಂದ 12 ತಿಂಗಳ ಕಾಲ ಮಾತ್ರ ಸಲ್ಲುತ್ತದೆ. ಆಮೇಲೆ ಕಲಿಯುವವರ ಲೈಸೆನ್ಸಿನಿಂದ ಆರಂಭಿಸಿ ಮತ್ತೆ ಪರೀಕ್ಷೆ ಕೊಡಲೇಬೇಕು. ಮೈಸೂರಿನಲ್ಲೋ ದಾವಣಗೆರೆಯಲ್ಲೋ ಗಾಡಿ ನಡೆಸಿದವರಿಗೆ ಒಂದು ಅನುಕೂಲವುಂಟು: ಎರಡು ದೇಶಗಳಲ್ಲಿಯೂ ರಸ್ತೆಯ ಎಡಬದಿಯಲ್ಲಿಯೇ ಸಂಚಾರ, ಸ್ಟಿಯರಿಂಗ್ ಬಲಕ್ಕೆ, ಗೇರು ಎಡಗೈಗೆ. ಕೈ ಕಲಿತದ್ದು ಒಂದಂಗುಲವೂ ವ್ಯರ್ಥವಾಗಬೇಕಾಗಿಲ್ಲ. ಆದರೂ ನಮ್ಮವರು ಅಂಜುತ್ತಾರೆ. ಸಿಗ್ನಲ್ಲಿನಲ್ಲಿ ಗಾಡಿ ಆಫ್ ಆದರೆ ಪರೀಕ್ಷಕ ಫೇಲು ಮಾಡಿಬಿಡುವನೆಂಬ ಭಯ ಅವರದು. ಒಂದು ಸಲ ಎಂಜಿನ್ನು ನಿಂತು, ಯಾರಿಗೂ ಅಪಾಯವಾಗದಂತೆ ಸಮಾಧಾನದಿಂದ ಮತ್ತೆ ಹೊರಟರೆ, ಅದು ಸಾಮಾನ್ಯವಾಗಿ ಚಿಕ್ಕ ತಪ್ಪೆಂದೇ ಪರಿಗಣಿತವಾಗುತ್ತದೆ. ಆಟೊಮ್ಯಾಟಿಕ್ಕಿನಲ್ಲಿ ತೇರ್ಗಡೆ ಸುಲಭವೆಂಬ ನಂಬಿಕೆಯನ್ನೂ ಅಂಕಿ ಅಂಶಗಳು ಸಮರ್ಥಿಸುವುದಿಲ್ಲ: ಆ ಪರೀಕ್ಷೆಯಲ್ಲಿ ತೇರ್ಗಡೆಯಾಗುವವರ ಪ್ರಮಾಣ ಒಟ್ಟು ಸರಾಸರಿಗಿಂತ ಕಡಮೆಯಾಗಿದೆ. ಸೋಲಿಗೆ ಕಾರಣವಾಗುವುದು ಬಹುಮಟ್ಟಿಗೆ ಕೂಡುರಸ್ತೆಗಳಲ್ಲಿ ಅತ್ತಿತ್ತ ನೋಡದಿರುವುದು, ಕನ್ನಡಿಯನ್ನು ಗಮನಿಸದಿರುವುದು. ಈ ದೋಷಗಳಿಗೆ ಯಾವ ಗೇರ್ ಬಾಕ್ಸೂ ಮದ್ದಲ್ಲ.

ಗೇರಿನ ಅಭ್ಯಾಸದಿಂದ ಬರುವ ವಿವೇಕವೊಂದಿದೆ. ಅದನ್ನು ಕಳೆದುಕೊಳ್ಳಬಾರದೆಂಬ ಕಾಳಜಿ ನನ್ನದು. ಆಗುಂಬೆಯ ಅಥವಾ ಚಾರ್ಮಾಡಿಯ ಘಾಟಿಯನ್ನು ಇಳಿಸಿದ ಯಾವ ಹಳೆಯ ಡ್ರೈವರನ್ನು ಕೇಳಿದರೂ, ಯಾವ ಗೇರಿನಲ್ಲಿ ಹತ್ತಿದೆಯೋ ಅದೇ ಗೇರಿನಲ್ಲಿ ಇಳಿ, ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಬೇಡ ಎಂದು ಹೇಳುತ್ತಾನೆ. ಭಾರವನ್ನು ಎಂಜಿನ್ನೇ ತಡೆಹಿಡಿಯಲಿ, ಬ್ರೇಕು ಕಾದು ಕೈಕೊಡದಿರಲಿ ಎಂಬ ಭೌತಶಾಸ್ತ್ರವೇ ಆ ಉಪದೇಶದಲ್ಲಿ ಅಡಗಿದೆ. ವೆಂಬ್ಲಿಯಿಂದ ಎರಡು ಮೂರು ಮೈಲಿಗಳಾಚೆ ಹ್ಯಾರೋ ಬೆಟ್ಟದ ಗ್ರೋವ್ ಹಿಲ್ ಎಂಬ ಕಡಿದಾದ ಇಳುಕಲಿನಲ್ಲಿ, 1899ರ ಫೆಬ್ರುವರಿ 25ರಂದು, ಎಡ್ವಿನ್ ಸೆವೆಲ್ ಎಂಬಾತ ನಡೆಸುತ್ತಿದ್ದ ಡೈಮ್ಲರ್ ಗಾಡಿ ಇಳಿಯುತ್ತಿದ್ದಾಗ, ಬ್ರೇಕನ್ನು ಬಲವಾಗಿ ಹಾಕಿದೊಡನೆ ಹಿಂದಿನ ಚಕ್ರ ಮುರಿದು ಆತ ಪ್ರಾಣ ಬಿಟ್ಟನು. ಬ್ರಿಟನ್ನಿನಲ್ಲಿ ಚಾಲಕನೇ ಮಡಿದ ಪ್ರಪ್ರಥಮ ಮೋಟಾರು ಅಪಘಾತವೆಂದು ದಾಖಲಾದದ್ದು ಅದು, ಅದರ ಸ್ಮರಣಾರ್ಥವಾದ ಫಲಕ ಈಗಲೂ ಅಲ್ಲಿದೆ. ಅಂದಿನ ಮರದ ಚಕ್ರಕ್ಕೂ ಇಂದಿನ ವಾಹನಕ್ಕೂ ಹೋಲಿಕೆಯಿಲ್ಲವಾದರೂ, ಇಳಿಜಾರನ್ನು ಬ್ರೇಕೊಂದರಿಂದಲೇ ಗೆಲ್ಲಹೊರಡಬಾರದೆಂಬ ನಿಯಮ ಬದಲಾಗಿಲ್ಲ. ಬೇಸಗೆಯ ರಜೆಗೆ ಊರಿಗೆ ಹೋಗಿ, ಮಾವನ ಮನೆಯ ಗೇರಿನ ಕಾರಿನಲ್ಲಿ ಶಿರಾಡಿ ಘಾಟಿಯನ್ನು ಇಳಿಸಹೊರಡುವ ಲಂಡನ್ನಿನ ಹುಡುಗನಿಗೆ ಗೇರಿನ ಆ ಅಭ್ಯಾಸ ಕೈಗೆ ಹತ್ತಿರಬೇಕು. ನಮ್ಮ ದೇಶದ 1988ರ ಮೋಟಾರು ವಾಹನ ಕಾಯಿದೆ ಗೇರಿರುವ ಮತ್ತು ಗೇರಿಲ್ಲದ ಮೋಟಾರ್ ಸೈಕಲ್ಲುಗಳನ್ನು ಬೇರೆಬೇರೆಯಾಗಿ ಎಣಿಸುತ್ತದೆಯೇ ಹೊರತು ಕಾರುಗಳಲ್ಲಿ ಆ ಭೇದವನ್ನು ಮಾಡುವುದಿಲ್ಲ. ಇದು ಒಂದು ದೃಷ್ಟಿಯಿಂದ ಉದಾರವಾದದ್ದು, ಮತ್ತೊಂದು ದೃಷ್ಟಿಯಿಂದ ಘಾಟಿಯ ರಸ್ತೆಯಲ್ಲಿ ಅಪಾಯಕರವಾದದ್ದು.

ಹಾಗಾದರೆ ಬ್ರಿಟನ್ನಿನ ಭೇದವನ್ನು ಕಿತ್ತುಹಾಕಬೇಕೆ? ಬೇಡ. ಆದರೆ ಅದನ್ನು ದಾಟುವ ದಾರಿ ಈಗಿನಷ್ಟು ದುರ್ಗಮವಾಗಿರಬೇಕಾಗಿಲ್ಲ. 78ನೆಯ ಸಂಕೇತವನ್ನು ತೆಗೆಸಬೇಕೆಂದರೆ ಪ್ರಾಯೋಗಿಕ ಪರೀಕ್ಷೆಯನ್ನು ಆದ್ಯಂತವಾಗಿ ಗೇರಿನ ಕಾರಿನಲ್ಲಿ ಮತ್ತೆ ಕೊಡಬೇಕು, ಅದರ ಸರದಿಗಾಗಿ ಹಲವು ತಿಂಗಳು ಕಾಯಬೇಕು. ರಸ್ತೆಯ ನಿಯಮಗಳನ್ನೂ ಎಚ್ಚರವನ್ನೂ ಈಗಾಗಲೇ ಕಲಿತು ತೋರಿಸಿದವನನ್ನು ಅವೇ ವಿಷಯಗಳಲ್ಲಿ ಎರಡನೆಯ ಬಾರಿ ಏಕೆ ಪರೀಕ್ಷಿಸಬೇಕು? ಏರಿನಲ್ಲಿ ಹಾಫ್ ಕ್ಲಚ್ಚಿನ ಹದ ಹಿಡಿದು ಹೊರಡುವುದು, ವೇಗ ತಗ್ಗಿದಂತೆ ಗೇರನ್ನು ಇಳಿಸುವುದು, ಇಳಿಜಾರಿನಲ್ಲಿ ಎಂಜಿನ್ನಿನಿಂದ ತಡೆಯುವುದು, ಇಷ್ಟನ್ನು ನೋಡುವ ಹದಿನೈದು ನಿಮಿಷದ ಒಂದು ಪೂರಕ ಪರೀಕ್ಷೆ ಸಾಲದೆ? ಲಾರಿಗಳ ವಿಷಯದಲ್ಲಿ ಈ ಸರ್ಕಾರವೇ ಇದಕ್ಕಿಂತ ಮುಂದೆ ಹೋಗಿದೆ: ಗೇರಿನ ಕಾರಿನ ಲೈಸೆನ್ಸುಳ್ಳವನು ಆಟೊಮ್ಯಾಟಿಕ್ ಲಾರಿಯಲ್ಲಿ ಪರೀಕ್ಷೆ ಕೊಟ್ಟರೂ ಅವನಿಗೆ ಗೇರಿನ ಲಾರಿಯ ಅಧಿಕಾರ ದೊರೆಯುತ್ತದೆ. ಚಿಕ್ಕ ಕಾರಿನಲ್ಲಿ ಕಲಿತ ಗೇರಿನ ವಿದ್ಯೆ ದೊಡ್ಡ ಲಾರಿಗೂ ಸಾಕೆಂದು ಒಪ್ಪಿದ ಆಡಳಿತ, ಆಟೊಮ್ಯಾಟಿಕ್ ಕಾರಿನಲ್ಲಿ ಕಲಿತ ರಸ್ತೆಯ ವಿದ್ಯೆ ಗೇರಿನ ಕಾರಿಗೂ ಸಾಕೆಂದು ಒಪ್ಪುವುದರಲ್ಲಿ ಅಸಾಧ್ಯವಾದುದೇನಿದೆ?

ಅಂಥ ಸುಧಾರಣೆ ಬರುವ ತನಕ ವೆಂಬ್ಲಿಯ ನಮ್ಮ ಮನೆಗಳಲ್ಲಿ ಮಾಡಬಹುದಾದದ್ದು ಸ್ವಲ್ಪವಿದೆ. ಊರಿನಿಂದ ಈಚೆಗೆ ಬಂದವರು, ಕೈಯ ಅಭ್ಯಾಸ ಮರೆಯುವ ಮೊದಲೇ, ಆ 12 ತಿಂಗಳೊಳಗಾಗಿ ಗೇರಿನ ಕಾರಿನಲ್ಲಿಯೇ ಪರೀಕ್ಷೆ ಕೊಡಲಿ. ಆಗಲೇ ಆಟೊಮ್ಯಾಟಿಕ್ ಲೈಸೆನ್ಸ್ ಪಡೆದ ಮಕ್ಕಳಿಗೆ ಥಿಯರಿ ಪರೀಕ್ಷೆಯನ್ನು ಮತ್ತೆ ಕೊಡುವ ಅಗತ್ಯವಿಲ್ಲ; ಆ ಲೈಸೆನ್ಸೇ ಗೇರಿನ ಕಾರಿಗೆ ಕಲಿಯುವವರ ಲೈಸೆನ್ಸಾಗಿ ಸಲ್ಲುತ್ತದೆ. ಆದರೆ ಕೆಂಪು ಎಲ್ ಫಲಕ ಕಟ್ಟಿ ಹೊರಡುವಾಗ ಪಕ್ಕದಲ್ಲಿ ಕುಳಿತುಕೊಳ್ಳುವವರು 21 ವರ್ಷ ತುಂಬಿದವರಾಗಿರಬೇಕು, 3 ವರ್ಷಗಳಿಂದ ಗೇರಿನ ಕಾರಿನ ಪೂರ್ಣ ಲೈಸೆನ್ಸನ್ನು ಹೊಂದಿದವರಾಗಿರಬೇಕು. ಮನೆಯಲ್ಲಿ ಎಲ್ಲರ ಕಾರ್ಡಿನ ಮೇಲೂ 78 ಎಂದೇ ಅಚ್ಚಾದ ಮೇಲೆ, ಹಾಗೆ ಪಕ್ಕದಲ್ಲಿ ಕೂರಬಲ್ಲ ಅಪ್ಪನಾಗಲಿ, ಅಕ್ಕನಾಗಲಿ, ಚಿಕ್ಕಪ್ಪನಾಗಲಿ ಉಳಿಯುವುದಿಲ್ಲ. ಹಣ ತೆತ್ತು ಬೋಧಕನ ಬಳಿಗೆ ಹೋಗುವುದೊಂದೇ ಗತಿಯಾಗುತ್ತದೆ. ಆದುದರಿಂದ ಮನೆಯಲ್ಲಿ ಒಬ್ಬರಾದರೂ ಈ ವರ್ಷ ಗೇರಿನ ಕಾರಿನ ಪರೀಕ್ಷೆಗೆ ಹೆಸರು ಬರೆಸಲಿ ಎಂದು ಕೇಳಿಕೊಳ್ಳುತ್ತೇನೆ.