ಕಪ್ಪು ಹೊಳಪಿನ ಮೇಲೊಂದು ಗೀರು

ಬಿಳಿಯ ಗೋಡೆಯನ್ನು ಉಗುರಿನಿಂದ ಗೀಚಿದರೆ ಹತ್ತಿರ ಹೋಗಿ ನೋಡಿದವರಿಗಷ್ಟೇ ಕಾಣುತ್ತದೆ. ಕನ್ನಡಿಯಂತೆ ಹೊಳೆಯುವ ಕರಿಯ ಪೆಟ್ಟಿಗೆಯ ಮೇಲಾದರೋ ಕೂದಲೆಳೆಗಿಂತ ಸಣ್ಣ ಗೀರೂ ಕೋಣೆಯ ಆಚೆ ಕುಳಿತವರ ಕಣ್ಣಿಗೆ ಬೀಳುತ್ತದೆ. ಸಂಗೀತಪ್ರಿಯನಾದ ಗೃಹಸ್ಥನು ಎಷ್ಟೋ ತಿಂಗಳ ಉಳಿತಾಯವನ್ನು ಸುರಿದು ಒಂದು ಜೊತೆ ಸ್ಪೀಕರುಗಳನ್ನು ಮನೆಗೆ ತರುತ್ತಾನೆ. ಅವುಗಳ ಕಪ್ಪು ಮೈಯಲ್ಲಿ ತನ್ನ ಮುಖವನ್ನು ಕಂಡು ಹಿಗ್ಗುತ್ತಾನೆ. ವರ್ಷ ತುಂಬುವುದರೊಳಗೆ, ಸಂಜೆಯ ದೀಪ ಹೊತ್ತಿದೊಡನೆ, ಆ ಮೈಯ ಮೇಲೆ ಜೇಡರ ಬಲೆಯಂಥ ಜಾಲವೊಂದು ಮೂಡುತ್ತದೆ. ಮಕ್ಕಳ ಮೇಲೆ ಅಪವಾದ ಹೊರಿಸಿದರೆ ಅದು ನಿಲ್ಲುವುದಿಲ್ಲ. ಹಾಗಾದರೆ ಅಪರಾಧಿ ಯಾರು?

ಹೆಚ್ಚಿನ ಮನೆಗಳಲ್ಲಿ ಅಪರಾಧಿಯು ನಿತ್ಯವೂ ಧೂಳೊರಸುವ ಕೈಯೇ. ಬೀದಿಯಿಂದ ಹಾರಿಬಂದ ಧೂಳಿನಲ್ಲಿ ಬೆಣಚುಕಲ್ಲಿನ ಕಣಗಳಿರುತ್ತವೆ. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಎಣಿಸುವ ಮೋಸ್ ಮಾನದಲ್ಲಿ ಬೆಣಚಿನ ಸ್ಥಾನ 7. ಸಾಧಾರಣ ಚಾಕುವಿನ ಉಕ್ಕೂ ಅದಕ್ಕೆ ಸೋಲುತ್ತದೆ. ಪೆಟ್ಟಿಗೆಯ ಮೆರುಗೋ ಬಹುತೇಕ ಪ್ಲಾಸ್ಟಿಕ್ಕಿನ ಜಾತಿಯದು, ಮೃದುವಾದುದು. ಒಣಬಟ್ಟೆಯಿಂದ ಒತ್ತಿ ಒರಸಿದಾಗ ಆ ಕಣಗಳು ನೂಲಿಗೆ ಸಿಕ್ಕಿ ಒಂದೊಂದೂ ಒಂದೊಂದು ಉಳಿಯಾಗುತ್ತದೆ. ಗೀರುಗಳು ನಾನಾ ದಿಕ್ಕಿಗೆ ಹರಿದಿದ್ದರೂ ದೀಪದ ಪ್ರತಿಬಿಂಬದ ಸುತ್ತ ಚಕ್ರಾಕಾರವಾಗಿ ತೋರುವುದಕ್ಕೂ ಕಾರಣವುಂಟು. ದೀಪದ ಬೆಳಕನ್ನು ನೋಡುವವನ ಕಣ್ಣಿಗೆ ತಿರುಗಿಸಬಲ್ಲ ಗೀರುಗಳು ಮಾತ್ರ ಮಿನುಗುತ್ತವೆ, ಉಳಿದವು ಮರೆಯಲ್ಲಿರುತ್ತವೆ. ದೀಪವನ್ನು ಸರಿಸಿದರೆ ಚಕ್ರವೂ ಸರಿಯುತ್ತದೆ.

ಕಪ್ಪಿನ ಮೇಲೆಯೇ ಇದು ಇಷ್ಟು ಎದ್ದು ಕಾಣುವುದೇಕೆ? ನುಣುಪಾದ ಮೆರುಗಿನ ಮೇಲೆ ನೇರವಾಗಿ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 4 ಭಾಗ ಮಾತ್ರ ಮೇಲಿನಿಂದಲೇ ಹಿಂದಿರುಗುತ್ತದೆ. ಉಳಿದುದು ಒಳಹೊಕ್ಕು ಕಪ್ಪಿನಲ್ಲಿ ಅಡಗಿಹೋಗುತ್ತದೆ. ಆ ಅಲ್ಪಭಾಗವೂ ಕ್ರಮ ತಪ್ಪದೆ ಸಾಗುವುದರಿಂದಲೇ ನೋಡಿದವರ ಮುಖ ಅದರಲ್ಲಿ ಕಾಣುವುದು. ಗೀರಿನ ಅಂಚಾದರೋ ಬೆಳಕನ್ನು ಎತ್ತೆತ್ತಲೋ ಚೆದರಿಸುತ್ತದೆ. ಬಿಳಿಯ ಮೈಯೆಲ್ಲವೂ ಬೆಳಕನ್ನು ಚೆಲ್ಲುತ್ತಿರುವಾಗ ಇದನ್ನು ಗಮನಿಸುವವರಿಲ್ಲ. ಕಪ್ಪಿನಲ್ಲಿ ಅದು ಅಮಾವಾಸ್ಯೆಯ ಮಿಣುಕುಹುಳುವಾಗುತ್ತದೆ. ಚಾಮರಾಜನಗರದ ಹೆಸರಾಂತ ಕರಿಕಲ್ಲನ್ನು ನೋಡಿದವರಿಗೆ ಇದು ಹೊಸದಲ್ಲ. ಒರಟಾಗಿದ್ದಾಗ ಬೂದುಬಣ್ಣವಾಗಿ ತೋರುವ ಆ ಕಲ್ಲು, ಉಜ್ಜಿ ನುಣುಪು ಮಾಡಿದ ಮೇಲೆಯೇ ಕಾಡಿಗೆಯಂತೆ ಕಪ್ಪಾಗುತ್ತದೆ. ಒರಟು ಕಲ್ಲಿನ ಮೇಲೆ ನೀರು ಚಿಮುಕಿಸಿದರೂ, ನೀರು ತಗ್ಗುಗಳನ್ನು ತುಂಬಿ ಮಟ್ಟ ಮಾಡುವುದರಿಂದ, ಆರುವವರೆಗೆ ಅದು ಕಪ್ಪಾಗಿಯೇ ಕಾಣುತ್ತದೆ.

ಗೀರನ್ನು ನೀಗುವ ಎರಡು ದಾರಿಗಳೂ ಈ ಕಲ್ಲಿನಲ್ಲಿಯೇ ಇವೆ: ತುಂಬುವುದು, ಇಲ್ಲವೆ ಸವೆಸುವುದು. ಮೇಣದ ಮೆರುಗುಗಳು ನೀರಿನಂತೆ ತಗ್ಗನ್ನು ತುಂಬಿ ಗೀರನ್ನು ಮರೆಸುತ್ತವೆ. ಮೇಣ ಹೋದೊಡನೆ ಗೀರು ಮರಳುತ್ತದೆ. ಆದರೆ ಪೆಟ್ಟಿಗೆಗೆ ನಷ್ಟವಿಲ್ಲ. ಎರಡನೆಯ ದಾರಿ ಸ್ಥಿರವಾದುದು, ಬೆಲೆ ತೆರುವಂಥದು. ನ್ಯೂಟನ್ನನು 1704ರಲ್ಲಿ ಪ್ರಕಟಿಸಿದ ದೃಗ್‌ವಿಜ್ಞಾನದ ಗ್ರಂಥದಲ್ಲಿ, ಗಾಜನ್ನು ಹೊಳಪಿಸುವುದೆಂದರೆ ಅದನ್ನು ಇನ್ನೂ ಸಣ್ಣದಾಗಿ ಗೀರುವುದೇ ಎಂಬ ಅರ್ಥದ ಮಾತನ್ನು ಹೇಳಿದ್ದಾನೆ. ಕಣಗಳು ನಯವಾದಷ್ಟೂ ಗೀರು ಸಣ್ಣದು. ಕಡೆಗೆ ಕಣ್ಣಿಗೆ ಕಾಣದಷ್ಟು. ಪೆಟ್ಟಿಗೆಯ ಮೆರುಗಿಗೂ ಇದೇ ನ್ಯಾಯ. ಗೀರನ್ನು ಅಳಿಸಲು ಬರುವುದಿಲ್ಲ. ಸುತ್ತಣ ನೆಲವನ್ನೇ ಗೀರಿನ ತಳದವರೆಗೆ ಇಳಿಸಬೇಕಾಗುತ್ತದೆ.

ಜಪಾನಿನ ಕುಶಲಕರ್ಮಿಗಳು ಇದನ್ನು ಬಲ್ಲರು. ಉರುಷಿ ಎಂಬ ಮರದ ರಸವನ್ನು ಪದರಪದರವಾಗಿ ಬಳಿದು, ನುಣುಪಾದ ಇದ್ದಿಲಿನಿಂದ ನೀರು ಹಾಕಿ ತೀಡಿ, ಕೊನೆಗೆ ಜಿಂಕೆಯ ಕೊಂಬಿನ ಬೂದಿಯನ್ನು ಬರಿಗೈಯಿಂದಲೇ ತಿಕ್ಕಿ ಅವರು ಕನ್ನಡಿಗಪ್ಪನ್ನು ಬರಿಸುತ್ತಾರೆ. ಒರಟಿನಿಂದ ನಯಕ್ಕೆ ಮೆಟ್ಟಲುಮೆಟ್ಟಲಾಗಿ ಸಾಗುವ ಕೆಲಸವದು.

ಮನೆಯಲ್ಲಿ ಈ ಕೆಲಸಕ್ಕೆ ಇಳಿಯುವವರು ಮೊದಲು ಉಗುರನ್ನು ಗೀರಿನ ಮೇಲೆ ಅಡ್ಡಲಾಗಿ ಮೆಲ್ಲನೆ ಎಳೆದು ನೋಡಬೇಕು. ಉಗುರು ತಡೆದರೆ ಗೀರು ಆಳವಾದುದು. ಅದು ಬಣ್ಣದ ಕೆಲಸ ಬಲ್ಲವರ ಪಾಲಿನದು. ಪೆಟ್ಟಿಗೆಗೆ ಅಂಟಿಸಿರುವುದು ಬರಿಯ ಪ್ಲಾಸ್ಟಿಕ್ ಹಾಳೆಯಾದರೂ ಸವೆಸುವ ಗೊಡವೆ ಬೇಡ. ಉಗುರು ಜಾರಿಹೋದರೆ ಮುಂದುವರಿಯಬಹುದು. ವಿದ್ಯುತ್ತನ್ನು ಕಡಿದು, ಧ್ವನಿ ಹೊರಡುವ ತಿದಿಗಳನ್ನೂ, ಮುಟ್ಟಿದರೆ ತಗ್ಗಾಗುವ ಟ್ವೀಟರಿನ ಪುಟ್ಟ ಗುಮ್ಮಟವನ್ನೂ ಕಾಗದದಿಂದ ಮರೆಮಾಡಬೇಕು. ಧೂಳನ್ನು ಮೃದುವಾದ ಕುಂಚದಿಂದ ಹಾರಿಸಿ, ಸೋಪಿನ ತಿಳಿನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಮೈಕ್ರೋಫೈಬರ್ ಬಟ್ಟೆಯಿಂದ ಹಗುರವಾಗಿ ಒರಸಿ ಆರಬಿಡಬೇಕು. ಎಷ್ಟೋ ಸಲ ಗೀರೆಂದು ಭ್ರಮಿಸಿದುದು ಬೆರಳಿನ ಜಿಡ್ಡಾಗಿದ್ದು ಇಲ್ಲಿಗೇ ಮಾಯವಾಗುತ್ತದೆ.

ಉಳಿದುದಕ್ಕೆ ಕಾರುಗಳ ಮೈ ಹೊಳಪಿಸುವ ಪಾಲಿಶ್‌ಗಳಲ್ಲಿ ಅತ್ಯಂತ ನಯವಾದುದು ಸಾಕು. ಅಂಗಡಿಯವನು ಕೊಡುವ ರಬ್ಬಿಂಗ್ ಕಾಂಪೌಂಡ್ ಒರಟಾದುದು, ಅದನ್ನು ಮುಟ್ಟಬಾರದು. ಹಲ್ಲುಪುಡಿ, ಟೂತ್‌ಪೇಸ್ಟುಗಳ ಕಣಗಳಿಗೂ ಗೊತ್ತುಗುರಿಯಿಲ್ಲ. ಗೀರು ಹೋಗಿ ಮಂಜು ಕವಿದೀತು. ಕಡಲೆಕಾಳಿನಷ್ಟು ಪಾಲಿಶನ್ನು ಬಟ್ಟೆಗೆ ಹಚ್ಚಿ, ಮೊದಲು ಹಿಂಬದಿಯ ಕಾಣದ ಮೂಲೆಯಲ್ಲಿ ಪರೀಕ್ಷಿಸಿ, ಆಮೇಲೆ ಅಂಗೈ ಅಗಲದ ಜಾಗದಲ್ಲಿ ಬೆರಳಿನ ಭಾರವಷ್ಟೇ ಬೀಳುವಂತೆ ತಿಕ್ಕಬೇಕು. ಬೇರೆ ಶುಚಿಯಾದ ಬಟ್ಟೆಯಿಂದ ಒರಸಿ, ಟಾರ್ಚಿನ ಬೆಳಕನ್ನು ಓರೆಯಾಗಿ ಬಿಟ್ಟು ನೋಡಬೇಕು. ಬಟ್ಟೆ ನೆಲಕ್ಕೆ ಬಿದ್ದರೆ ಮತ್ತೆ ಒಗೆಯುವವರೆಗೆ ಅದನ್ನು ಮುಟ್ಟಬಾರದು.

ಅಂಚುಗಳ ಬಳಿ ಕೈ ಇನ್ನೂ ಹಗುರವಾಗಿರಬೇಕು. ಬಳಿದ ಮೆರುಗು ಆರುವ ಮೊದಲು ಚೂಪಾದ ಅಂಚುಗಳಿಂದ ಹಿಂದೆ ಸರಿಯುವುದರಿಂದ ಅಲ್ಲಿನ ಪದರ ತೆಳುವು. ಕಾರುಗಳ ಮೇಲಣ ಪಾರದರ್ಶಕ ಲೇಪವೇ ಸಾಮಾನ್ಯವಾಗಿ ಮಿಲಿಮೀಟರಿನ 20ನೆಯ ಒಂದು ಭಾಗದಷ್ಟೆಂದರೆ, ಇಲ್ಲಿ ಎಷ್ಟು ಜಾಗ್ರತೆ ಬೇಕೆಂಬುದನ್ನು ಊಹಿಸಬಹುದು. ಅತ್ಯುತ್ಸಾಹಿಯು ಕೊನೆಯ ಗೀರನ್ನೂ ಬಿಡೆನೆಂದು ತಿಕ್ಕುತ್ತ ಹೋಗಿ ಅಂಚಿನ ಮೆರುಗನ್ನು ತಳದವರೆಗೆ ಸವೆಸಿಬಿಡುತ್ತಾನೆ. ಗೀರಿಗೆ ಮದ್ದುಂಟು, ಸವೆದ ಅಂಚಿಗೆ ಮತ್ತೆ ಬಣ್ಣ ಬಳಿಯುವುದಲ್ಲದೆ ಮದ್ದಿಲ್ಲ.

ಆದುದರಿಂದ ಹತ್ತರಲ್ಲಿ ಎಂಟು ಗೀರು ಹೋದಾಗ ಕೈ ತೊಳೆದುಕೊಳ್ಳುವವನೇ ಜಾಣ. ಉಳಿದ ಎರಡಕ್ಕೆ ತುಸು ಮೇಣ ಸಾಕು. ಅದೂ ಬೇಡವಾದರೆ ಕೋಣೆಯ ದೀಪವನ್ನು ಎರಡು ಗೇಣು ಆಚೆ ಸರಿಸಬಹುದು. ಹಾಡು ಹೊರಡುವುದು ಪೆಟ್ಟಿಗೆಯ ಮೆರುಗಿನಿಂದಲ್ಲ. ಒಂದೆರಡು ಸಣ್ಣ ಗೀರುಗಳಿಂದ ಯಾವ ರಾಗದ ಯಾವ ಸ್ವರಕ್ಕೂ ಕುಂದು ಬರುವುದಿಲ್ಲ.