ಹೀರೋಗೊಂದು ಗಾಡಿ, ಮನೆಗೊಂದು ಗಾಡಿ

ಬೆಳ್ಳಿತೆರೆಯ ಮೇಲೆ ಮೋಟಾರ್‌ಸೈಕಲ್ಲಿಗೆ ಮೈಲೇಜಿನ ಚಿಂತೆಯೇ ಇಲ್ಲ! ಪೆಟ್ರೋಲ್ ಬಂಕಿನ ಮುಂದೆ ನಿಂತು ಚಿಲ್ಲರೆ ಎಣಿಸುವ ನಾಯಕನನ್ನು ನೀವು ಎಂದಾದರೂ ಕಂಡಿದ್ದೀರಾ? 1973ರಲ್ಲಿ ‘ಬಾಬಿ’ ಬಂತು. ರಿಷಿ ಕಪೂರ್-ಡಿಂಪಲ್ ಜೋಡಿಯನ್ನು ಹೊತ್ತು ತಿರುಗಿದ ಪುಟ್ಟ ರಾಜದೂತ್‌ಗೆ ಜನ ‘ಬಾಬಿ ಗಾಡಿ’ ಅಂತಲೇ ಹೆಸರಿಟ್ಟರು. ನಮ್ಮ ರಾಮನಗರದ ಬಂಡೆಗಳ ನಡುವೆ ತಯಾರಾದ 1975ರ ‘ಶೋಲೆ’ಯಲ್ಲಿ ಅಮಿತಾಭ್, ಧರ್ಮೇಂದ್ರ ಸೈಡ್‌ಕಾರ್ ಗಾಡಿಯಲ್ಲಿ ಹಾಡುತ್ತ ಹೋದರು. 2022ರ ‘777 ಚಾರ್ಲಿ’ಯಲ್ಲಿ ರಕ್ಷಿತ್ ಶೆಟ್ಟಿ ನಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಿಮ ನೋಡಲು ಹೊರಟರು. ಚಪ್ಪಾಳೆ ತಟ್ಟಿ ಹೊರಗೆ ಬಂದ ಪ್ರೇಕ್ಷಕ ಮಹಾಶಯ ಮಾತ್ರ ಸ್ಟ್ಯಾಂಡಿನಲ್ಲಿ ತನ್ನ ಗಾಡಿ ಹುಡುಕುತ್ತಾನೆ, ಇಲ್ಲವೇ ಬಸ್ಸು ಕಾಯುತ್ತಾನೆ!

ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ಓದುಗರೊಬ್ಬರ ಪತ್ರ ಬಂದಿದೆ. ಮನೆ ಭದ್ರಾವತಿ. ಪಾಳಿ ಕೆಲಸ. ಮೂರು ವರ್ಷ ಉಳಿಸಿ ಒಂದಿಷ್ಟು ಗಂಟು ಮಾಡಿದ್ದಾರೆ, ಉಳಿದದ್ದು ಸಾಲ. 350 ಸಿಸಿಯ ಗಾಡಿ ಕೊಳ್ಳಬೇಕೆಂಬ ಆಸೆ. ಕೊನೆಗೊಂದು ಸಾಲು ಹೀಗಿದೆ: “ಅಪ್ಪ ಪೇಪರ್ ಮಿಲ್ಲಿನಲ್ಲಿದ್ದವರು, ಈಗ ಮಂಡಿ ನೋವು. ಮನೆಗೆ ಇದೊಂದೇ ಗಾಡಿ. ಯಾವುದು ತಗೊಳ್ಳಲಿ?”

ಎಂಪಿಎಂ ಯಂತ್ರಗಳು ನಿಂತದ್ದು 2015ರಲ್ಲಿ. ಆ ಮನೆಗಳಲ್ಲಿ ಎರಡು ಲಕ್ಷ ರೂಪಾಯಿ ಅಂದರೆ ಏನು ಅಂತ ಭದ್ರಾವತಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಆದ್ದರಿಂದ ಜಾಹೀರಾತು ಓದಿ ಉತ್ತರ ಬರೆಯಲು ಮನಸ್ಸಾಗಲಿಲ್ಲ. ಪಾಳಿ ಬಿಡುವ ಹೊತ್ತಿಗೆ ಬಿ.ಎಚ್. ರಸ್ತೆಯ ಚಹಾದಂಗಡಿ ಪಕ್ಕ ನಿಂತು, ಗಾಡಿ ಇರುವವರನ್ನೇ ಕೇಳಿದೆ. ಫೌಂಡ್ರಿಯವರು, ಡೇರಿಯವರು, ಪೊಲೀಸ್ ಬೆಟಾಲಿಯನ್‌ನವರು... ಗಾಡಿ ವಿಷಯ ಎತ್ತಿದರೆ ಯಾರೂ ‘ಆಮೇಲೆ ಬಾ’ ಅನ್ನೋದಿಲ್ಲ!

ಕ್ಲಾಸಿಕ್ ಒಡೆಯರು ಏನಂತಾರೆ?

ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಇಟ್ಟುಕೊಂಡು ಮೂರು ವರ್ಷ ಆದ ಫೌಂಡ್ರಿ ಕೆಲಸಗಾರರು ಮೊದಲು ಹೊಗಳಿದರು. “ಎಪ್ಪತ್ತರಲ್ಲಿ ಬಿಟ್ಟರೆ ಬಿಟ್ಟ ಹಾಗೆ, ಅಲುಗಾಡೋದಿಲ್ಲ. ಲಾರಿ ಪಕ್ಕದಲ್ಲಿ ಹೋದರೂ ಗಾಳಿಗೆ ಜಗ್ಗೋದಿಲ್ಲ.” ಆಮೇಲೆ ದನಿ ತಗ್ಗಿಸಿ, “ಆದರೆ ಸಾರ್, ರಾತ್ರಿ ಪಾಳಿ ಮುಗಿಸಿ ಬಂದು ಇಳಿಜಾರಿನ ಅಂಗಳದಿಂದ ಹಿಂದಕ್ಕೆ ಎಳೆಯಬೇಕು ನೋಡಿ, ಆಗ ಗೊತ್ತಾಗುತ್ತೆ!” ಅಂದರು. ಗೊತ್ತಾಗದೆ ಏನು? ತೂಕ 195 ಕಿಲೋ. 2021ರಲ್ಲಿ ಬಂದ ಹೊಸ ಎಂಜಿನ್ನು 349 ಸಿಸಿ, ಬಲ 20 ಕುದುರೆಯಷ್ಟೇ. ಓಟದ ಕುದುರೆ ಅಲ್ಲ, ಎತ್ತಿನ ನಡಿಗೆ. ಹಳೇ ಬುಲೆಟ್ಟಿನ ನಡುಕ ಇದರಲ್ಲಿಲ್ಲ ಅಂತ ಅದನ್ನೂ ಓಡಿಸಿದವರು ಒಪ್ಪುತ್ತಾರೆ, ಸ್ವಲ್ಪ ಬೇಸರದಿಂದಲೇ!

ಅದರ ತಮ್ಮ ಹಂಟರ್ 350. ಬಂದದ್ದು 2022ರಲ್ಲಿ. ತೂಕ 181 ಕಿಲೋ, ಸೀಟು 790 ಮಿಲಿಮೀಟರ್, ಅಂದರೆ ಕ್ಲಾಸಿಕ್‌ಗಿಂತ 15 ಮಿಲಿಮೀಟರ್ ತಗ್ಗು. ಕುಳ್ಳಗಿನವರಿಗೆ ಕಾಲು ಊರುತ್ತೆ, ಊರೊಳಗೆ ತಿರುಗಿಸಲು ಸಲೀಸು. ಹಳೆಯ ಹಂಟರಿನ ಹಿಂದಿನ ಸೀಟಿನವರು ಮಾತ್ರ ಗುಂಡಿಗೊಂದು ಶಾಪ ಹಾಕುತ್ತಾರೆ. 2025ರ ಮಾದರಿಯಲ್ಲಿ ಹಿಂದಿನ ಸಸ್ಪೆನ್ಷನ್ ಬದಲಾಗಿದೆ. ಸೆಕೆಂಡ್ ಹ್ಯಾಂಡ್ ನೋಡುವವರು ಇದನ್ನು ನೆನಪಿಡಬೇಕು.

ಹೋಂಡಾ, ಟ್ರಯಂಫ್, ಮತ್ತೆ ನಮ್ಮ ಮೈಸೂರಿನ ಹುಲಿ

ಹೋಂಡಾದ ಸಿಬಿ 350 ಓಡಿಸುವ ಡೇರಿ ನೌಕರರದು ಬೇರೆ ಮಾತು. “ಎಂಜಿನ್ನು ಬೆಣ್ಣೆ. ಆದರೆ ನಮ್ಮ ಬೀದಿ ಮೆಕ್ಯಾನಿಕ್ ಅದನ್ನು ಬಿಚ್ಚೋಕೆ ಹಿಂಜರಿತಾನೆ. ಬುಲೆಟ್ಟಾದರೆ ಕಣ್ಣು ಮುಚ್ಚಿ ಬಿಚ್ತಾನೆ.” ಇದು ಗಾಡಿಯ ದೋಷವಲ್ಲ, ಊರಿನ ಅಭ್ಯಾಸ. ಆದರೂ ರಾತ್ರಿ ಹತ್ತಕ್ಕೆ ಗಾಡಿ ಕೈಕೊಟ್ಟಾಗ ಊರಿನ ಅಭ್ಯಾಸವೇ ಲೆಕ್ಕಕ್ಕೆ ಬರೋದು.

ಟ್ರಯಂಫ್ ಸ್ಪೀಡ್ 400 ಇಟ್ಟುಕೊಂಡ ಹುಡುಗನ ಕಣ್ಣಲ್ಲಿ ಮಿಂಚು. 398 ಸಿಸಿ, ಹತ್ತಿರ ಹತ್ತಿರ 40 ಕುದುರೆ ಬಲ. ಕ್ಲಾಸಿಕ್‌ನ ಎರಡರಷ್ಟು! “ಆಗುಂಬೆ ಘಾಟಿಯಲ್ಲಿ ಮಜವೇ ಬೇರೆ” ಅಂದ. ದಿನಾ ಹೋಗೋದು ಎಲ್ಲಿಗಪ್ಪಾ ಅಂತ ಕೇಳಿದರೆ, “ನಿದಿಗೆಯಿಂದ ಫ್ಯಾಕ್ಟರಿಗೆ” ಅಂತ ನಕ್ಕ. ತೆರಿಗೆಯ ಮಾತೂ ಉಂಟು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಗಾಡಿಗೆ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು, ಅದಕ್ಕೆ ಮೇಲ್ಪಟ್ಟದ್ದಕ್ಕೆ ಶೇ. 40 ಆಯಿತು. 350ರ ಗೆರೆ ದಾಟುವವರು ಜೇಬು ಮುಟ್ಟಿಕೊಂಡು ದಾಟಬೇಕು.

ಇನ್ನು ಯೆಜ್ಡಿ! ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ, 1973ರಿಂದ ಯೆಜ್ಡಿ ಹೆಸರಿನಲ್ಲಿ ಹೊರಬಂದ ಗಾಡಿ. ಎರಡು ಸೈಲೆನ್ಸರು, ಕಿಕ್ಕರಿಗೂ ಗೇರಿಗೂ ಒಂದೇ ಲಿವರು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರು ಮರಳಿ ಬಂದರೂ ಇವು ಮೈಸೂರಿನಲ್ಲಿ ಹುಟ್ಟಿದವಲ್ಲ, ಎಂಜಿನ್ನೂ ಪೂರಾ ಬೇರೆ. ಹಳೇ ರೋಡ್‌ಕಿಂಗ್ ಇಟ್ಟಿರುವ, ಉಕ್ಕಿನ ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರೊಬ್ಬರನ್ನು ಕೇಳಿದೆ. “ಭಾನುವಾರ ಇದು. ಆಸ್ಪತ್ರೆಗೆ ಹೋಗೋದಾದರೆ ಸೊಸೆಯ ಸ್ಕೂಟರು” ಅಂದುಬಿಟ್ಟರು!

ಮಾರಿದವನ ಮಾತು

ಎಲ್ಲರಿಗಿಂತ ಕೆಲಸಕ್ಕೆ ಬಂದದ್ದು 350 ಸಿಸಿ ಗಾಡಿಯನ್ನು ಒಂದೂವರೆ ವರ್ಷಕ್ಕೇ ಮಾರಿ 125 ಸಿಸಿ ಕೊಂಡ ಒಬ್ಬರ ಮಾತು. ಇಟ್ಟುಕೊಂಡವರು ತಮ್ಮ ಗಾಡಿಯನ್ನು ಬಿಟ್ಟುಕೊಡೋದಿಲ್ಲ, ದುಡ್ಡು ಹಾಕಿದ್ದಾರಲ್ಲ! ಮಾರಿದವರಿಗೆ ಆ ಹಂಗಿಲ್ಲ. ಮೈಲೇಜಿಗೆ ಮಾರಿದಿರಾ ಅಂತ ಕೇಳಿದೆ. “ಅಲ್ಲ ಸಾರ್. ಅಮ್ಮನಿಗೆ ಕಾಲೆತ್ತಿ ಹತ್ತೋಕೆ ಆಗ್ತಿರಲಿಲ್ಲ. ಆಸ್ಪತ್ರೆಗೆ ಹೋಗುವಾಗಲೆಲ್ಲ ಮನೆ ಮುಂದೆ ಗಾಡಿ ನಿಂತಿದ್ರೂ ಆಟೋ ಕರೀಬೇಕಿತ್ತು. ಒಂದು ದಿನ ಅಮ್ಮನೇ, ನನ್ನಿಂದ ನಿನಗೆ ತೊಂದರೆ ಅಂದ್ರು. ಆವತ್ತೇ ಮಾರೋದು ಅಂತ ತೀರ್ಮಾನ ಮಾಡ್ದೆ.”

ಮೈಲೇಜಿನ ಲೆಕ್ಕ ನಾವಂದುಕೊಂಡಷ್ಟು ಭಯಂಕರ ಅಲ್ಲ ನೋಡಿ. ಭದ್ರಾವತಿಯಿಂದ ಮಾಚೇನಹಳ್ಳಿಗೆ ಹೋಗಿಬರಲು ದಿನಕ್ಕೆ 20 ಕಿಲೋಮೀಟರ್ ಅಂತಿಟ್ಟುಕೊಳ್ಳಿ. 26 ದಿನಕ್ಕೆ 520. ಲೀಟರಿಗೆ 35 ಕೊಡುವ ಗಾಡಿಗೆ 15 ಲೀಟರ್ ಬೇಕು, 50 ಕೊಡುವ ಗಾಡಿಗೆ ಹತ್ತೂವರೆ. ಲೀಟರಿಗೆ ನೂರು ರೂಪಾಯಿ ಹಿಡಿದರೆ ತಿಂಗಳಿಗೆ 450 ರೂಪಾಯಿ ವ್ಯತ್ಯಾಸ. ಕಚ್ಚೋದು ಸಾಲ! ಒಂದೂವರೆ ಲಕ್ಷಕ್ಕೆ ಶೇ. 10ರ ಬಡ್ಡಿಯಲ್ಲಿ ಮೂರು ವರ್ಷ ಅಂದರೆ ತಿಂಗಳ ಕಂತು 4,840 ರೂಪಾಯಿ. ಓವರ್‌ಟೈಮ್ ಸಿಗದ ತಿಂಗಳಲ್ಲೂ ಆ ಕಂತು ತಪ್ಪೋದಿಲ್ಲ.

ಆದ್ದರಿಂದ, ಪತ್ರ ಬರೆದ ಮಿತ್ರರೇ...

ಗಾಡಿ ಇರುವವರನ್ನು ‘ಹೇಗಿದೆ?’ ಅಂತ ಕೇಳಬೇಡಿ. ಎಲ್ಲರೂ ‘ಸೂಪರ್’ ಅಂತಾರೆ. ಎರಡು ಮಳೆಗಾಲ ಕಂಡ ಗಾಡಿಯವರನ್ನು ಹುಡುಕಿ. ಕಳೆದ ಸರ್ವಿಸಿನ ಬಿಲ್ಲು ಎಷ್ಟಾಯಿತು, ಮಳೆಯಲ್ಲಿ ಯಾವತ್ತಾದರೂ ನಿಂತಿತಾ, ಹಿಂದೆ ಕೂರುವವರು ಏನಂತಾರೆ ಅಂತ ಕೇಳಿ. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಗಾಡಿಗಳಿಗೆಲ್ಲ ಎಬಿಎಸ್ ಬ್ರೇಕು ಕಡ್ಡಾಯ. ಅದಕ್ಕಿಂತ ಹಳೆಯದನ್ನು ಅಗ್ಗಕ್ಕೆ ಸಿಕ್ಕಿತು ಅಂತ ಕೊಳ್ಳಬೇಡಿ. ಮಲೆನಾಡಿನ ಮಳೆಯಲ್ಲಿ ಚಕ್ರ ಜಾರಿದರೆ ಉಳಿಸಿದ ಐದು ಸಾವಿರ ಆಸ್ಪತ್ರೆಯ ಮೊದಲ ದಿನಕ್ಕೂ ಸಾಲದು. ಎರಡು ಒಳ್ಳೆಯ ಹೆಲ್ಮೆಟ್ಟಿನ ದುಡ್ಡನ್ನು ಗಾಡಿಯ ಬೆಲೆಯೊಳಗೇ ಸೇರಿಸಿ. ಹಿಂದೆ ಕೂರುವವರಿಗೂ ಹೆಲ್ಮೆಟ್ ಕರ್ನಾಟಕದಲ್ಲಿ 2016ರಿಂದಲೇ ಕಡ್ಡಾಯ.

ನಿಮ್ಮ ಓಡಾಟಕ್ಕೆ, ನಿಮ್ಮೂರಿನ ಮೆಕ್ಯಾನಿಕ್‌ಗಳಿಗೆ ಕ್ಲಾಸಿಕ್ ಒಗ್ಗುತ್ತೆ ಅಂತ ನನ್ನ ಲೆಕ್ಕ. ಆದರೆ ಅಡ್ವಾನ್ಸು ಕಟ್ಟುವ ಮೊದಲು ಅಪ್ಪಾಜಿಯವರನ್ನು ಷೋರೂಮಿಗೆ ಕರೆದುಕೊಂಡು ಹೋಗಿ. ಟೆಸ್ಟ್ ರೈಡಿಗೆ ಹಿಂದಿನ ಸೀಟಿನಲ್ಲಿ ಅವರನ್ನೇ ಕೂರಿಸಿ. ಒಂದು ಸಲ ಅಲ್ಲ, ಮೂರು ಸಲ ಹತ್ತಿ ಇಳಿಯಲಿ. ಮಗನ ಆಸೆ ಮುರಿಯಬಾರದು ಅಂತ ಅವರು ‘ಏನೂ ತೊಂದರೆ ಇಲ್ಲ ಮಗಾ’ ಅಂದೇ ಅಂತಾರೆ. ಮಾತು ನಂಬಬೇಡಿ, ಮಂಡಿ ನೋಡಿ. ಹತ್ತುವಾಗ ನಿಮ್ಮ ಹೆಗಲನ್ನು ಗಟ್ಟಿಯಾಗಿ ಹಿಡಿದು ಉಸಿರು ಬಿಗಿಹಿಡಿದರೋ, 350ರ ಆಸೆಯನ್ನು ಮೂರು ವರ್ಷ ಮುಂದಕ್ಕೆ ಹಾಕಿ, ತಗ್ಗು ಸೀಟಿನ ಸಣ್ಣ ಗಾಡಿ ತಗೊಳ್ಳಿ. ಸಾಲವೂ ಕಮ್ಮಿ ಆಗುತ್ತೆ. ಸಲೀಸಾಗಿ ಹತ್ತಿ ಕೂತರೋ, ಮತ್ತೆ ಯೋಚನೆ ಯಾಕೆ? ಮೊದಲ ಭಾನುವಾರ ಇಬ್ಬರೂ ಜೋಗಕ್ಕೆ ಹೋಗಿಬನ್ನಿ. ಹೇಗಿತ್ತು ಅಂತ ಒಂದು ಪತ್ರ ಹಾಕೋದು ಮರೆಯಬೇಡಿ!